ಹಗಲಾಗದ ಊರು, ಕರಗದ ಊರು

ಕೆನಡಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಟೊರೊಂಟೊ, ವ್ಯಾಂಕೂವರ್, ಪಿಆರ್ ಪಾಯಿಂಟ್ಸು. ಅಲ್ಲಿ ಸೆಟ್ಲ್ ಆದ ಗೆಳೆಯರು ಕಳಿಸೋ ಹಿಮದ ಫೋಟೊ ನೋಡಿ 'ಅಬ್ಬಾ, ಎಂಥಾ ಚಳಿಯಪ್ಪ' ಅಂತೀವಿ. ಆದರೆ ನಕ್ಷೆ ತೆಗೆದು ನೋಡಿ. ಟೊರೊಂಟೊ ಇರೋದು ಆ ದೇಶದ ತೀರಾ ಕೆಳ ಅಂಚಿನಲ್ಲಿ, 44ನೇ ಅಕ್ಷಾಂಶದ ಹತ್ತಿರ. ಕೆನಡಾದ ಬಹುಪಾಲು ಜನ ಅಮೆರಿಕದ ಗಡಿಗೆ ಅಂಟಿಕೊಂಡೇ ಬದುಕುತ್ತಾರೆ. ಅಲ್ಲಿಂದ ಮೇಲಕ್ಕೆ ಇರುವುದಕ್ಕೆಲ್ಲ ಅವರ ಬಾಯಲ್ಲಿ ಒಂದೇ ಹೆಸರು: ಉತ್ತರ.

ಆ ಒಂದು ಹೆಸರಿನೊಳಗೆ ಎಷ್ಟು ಸೀಮೆಗಳಿವೆ, ಎಷ್ಟು ಥರದ ಚಳಿಯಿದೆ ಅನ್ನೋದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಂದು ಸರ್ಕಾರ 1953ರಲ್ಲಿ ಮಾಡಿದ ಕೆಲಸದ ಕಥೆ ಇದು.

ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿ, ಹಡ್ಸನ್ ಕೊಲ್ಲಿಯ ದಡದಲ್ಲಿ ಇನುಕ್ಜುವಾಕ್ ಅಂತ ಒಂದು ಊರು. ಅಕ್ಷಾಂಶ 58. ಇಲ್ಲಿನ ಇನುಯಿಟ್ ಜನ ಸುತ್ತಮುತ್ತ ಬಿಡಾರ ಹೂಡಿಕೊಂಡು ಮೀನು, ಸೀಲ್, ಹಕ್ಕಿ, ಮೊಟ್ಟೆಗಳನ್ನು ನಂಬಿ ಬದುಕುತ್ತಿದ್ದರು. ಬೇಸಿಗೆಯಲ್ಲಿ ಕುರುಚಲು ಗಿಡಗಳ ನಡುವೆ ಬೆರ್ರಿ ಹಣ್ಣು ಆಯುತ್ತಿದ್ದರು. ಬಿಳಿ ನರಿಯ ತುಪ್ಪಳವನ್ನು ಹಡ್ಸನ್ ಬೇ ಕಂಪನಿಯ ಅಂಗಡಿಗೆ ಮಾರಿ ಹಿಟ್ಟು, ಚಹಾ, ತೋಟಾ ತರುತ್ತಿದ್ದರು. ಊರಲ್ಲಿ ಪೊಲೀಸ್ ಠಾಣೆ, ಶಾಲೆ, ನರ್ಸ್ ಎಲ್ಲ ಇದ್ದರು. ಚಳಿಗಾಲದಲ್ಲಿ ಹಗಲು ಚಿಕ್ಕದಾದರೂ ಸೂರ್ಯ ದಿನಾ ಹುಟ್ಟುತ್ತಿದ್ದ.

ಈ ಊರನ್ನು ಜಗತ್ತು ಮೊದಲೇ ಒಂದು ಸಲ ನೋಡಿತ್ತು. ರಾಬರ್ಟ್ ಫ್ಲಾಹರ್ಟಿ 'ನಾನೂಕ್ ಆಫ್ ದ ನಾರ್ತ್' ಚಿತ್ರೀಕರಿಸಿದ್ದು ಈ ಪ್ರದೇಶದಲ್ಲೇ. 1922ರಲ್ಲಿ ತೆರೆಕಂಡ ಆ ಮೂಕಿಚಿತ್ರ ಸೂಪರ್ ಹಿಟ್ ಆಯಿತು. ಅದರಲ್ಲಿನ ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ, ಅಲ್ಲಕರಿಯಲ್ಲಕ್. ಆಗಲೇ ಬಂದೂಕು ಬಳಸುತ್ತಿದ್ದವನ ಕೈಗೆ ಕ್ಯಾಮೆರಾಕ್ಕೋಸ್ಕರ ಈಟಿ ಕೊಟ್ಟರು. ಇಗ್ಲೂ ಒಳಗೆ ಬೆಳಕು ಸಾಲದು ಅಂತ ಅರ್ಧ ಇಗ್ಲೂ ಮಾತ್ರ ಕಟ್ಟಿ ಶೂಟ್ ಮಾಡಿದರು. ದಕ್ಷಿಣದ ಜನರ ತಲೆಯಲ್ಲಿ ಒಂದು ಚಿತ್ರ ಗಟ್ಟಿಯಾಗಿ ಕೂತುಬಿಟ್ಟಿತು: ಎಸ್ಕಿಮೊ ಅಂದ್ರೆ ಹಿಮ, ಹಿಮ ಅಂದ್ರೆ ಎಸ್ಕಿಮೊ. ಎಲ್ಲಿ ಬಿಟ್ಟರೂ ನಗುನಗುತ್ತಾ ಬದುಕಿಕೊಳ್ಳುವ ಮನುಷ್ಯ.

ಮೂವತ್ತು ವರ್ಷದ ನಂತರ, ಆಟವಾಗೆ ಬೇರೆ ತಲೆನೋವುಗಳಿದ್ದವು. ತುಪ್ಪಳದ ಬೆಲೆ ಬಿದ್ದುಹೋಗಿ ಇನುಯಿಟ್ ಕುಟುಂಬಗಳು ಸರ್ಕಾರದ ಸಹಾಯಧನದ ಮೇಲೆ ನಿಲ್ಲುವಂತಾಗಿತ್ತು. ಇವರು ಸೋಮಾರಿಗಳಾಗ್ತಾರೆ, ಬೇಟೆ ಹೆಚ್ಚಿರೋ ಕಡೆ ಕಳಿಸಿದರೆ ತಮ್ಮ ಕಾಲ ಮೇಲೆ ತಾವು ನಿಲ್ತಾರೆ ಅನ್ನೋದು ಅಧಿಕಾರಿಗಳ ವಾದ. ಇನ್ನೊಂದು ಕಡೆ ಶೀತಲ ಸಮರ. ಧ್ರುವದ ಕಡೆಯ ದ್ವೀಪಗಳು ಕಾಗದದ ಮೇಲೆ ಕೆನಡಾದ್ದೇ. ಎಲ್ಸ್‌ಮೀರ್ ದ್ವೀಪದ ಪಕ್ಕದ ಕೆಲವು ದ್ವೀಪಗಳ ಮೇಲಿನ ಹಕ್ಕನ್ನು ನಾರ್ವೆ 1930ರಲ್ಲಿ ಬಿಟ್ಟುಕೊಟ್ಟಾಗ, ಅವನ್ನು ಶೋಧಿಸಿದ್ದ ಒಟ್ಟೊ ಸ್ವೆರ್ಡ್ರುಪ್‌ಗೆ ಕೆನಡಾ 67,000 ಡಾಲರ್ ಕೊಟ್ಟಿತ್ತು. ಆದರೆ ಅಲ್ಲಿ ವಾಸಿಸುವ ಕೆನಡಾದ ಪ್ರಜೆಗಳು ಯಾರೂ ಇರಲಿಲ್ಲ. 1947ರಿಂದ ರೆಸಲ್ಯೂಟ್‌ನಲ್ಲಿ ಅಮೆರಿಕದ ಜೊತೆ ಸೇರಿ ನಡೆಸುವ ಹವಾಮಾನ ಕೇಂದ್ರವಿತ್ತು. ಗ್ರೀನ್‌ಲ್ಯಾಂಡಿನ ಬೇಟೆಗಾರರು ಮಂಜುಗಡ್ಡೆ ದಾಟಿ ಎಲ್ಸ್‌ಮೀರ್‌ಗೆ ಬಂದುಹೋಗುತ್ತಿದ್ದರು. ಖಾಲಿ ಸೈಟಿಗೆ ಯಾರು ಬೇಲಿ ಹಾಕಿಬಿಡ್ತಾರೋ ಅನ್ನೋ ಭಯ ನಮಗೇನೂ ಹೊಸದಲ್ಲ.

1953ರ ಬೇಸಿಗೆಯಲ್ಲಿ 'ಸಿ.ಡಿ. ಹೋವ್' ಎಂಬ ಸರ್ಕಾರಿ ಹಡಗು ಇನುಕ್ಜುವಾಕ್‌ನ ಏಳೆಂಟು ಕುಟುಂಬಗಳನ್ನು ಹತ್ತಿಸಿಕೊಂಡಿತು. ಅವರಿಗೆ ಸಹಾಯಕ್ಕೆ ಅಂತ ಪಾಂಡ್ ಇನ್‌ಲೆಟ್ ಎಂಬ ಊರಿಂದ ಮೂರು ಕುಟುಂಬಗಳು ಸೇರಿಕೊಂಡವು. ಒಳ್ಳೆಯ ಬೇಟೆ ಸಿಗುತ್ತೆ, ಹಿಡಿಸದಿದ್ದರೆ ಎರಡು ವರ್ಷದಲ್ಲಿ ವಾಪಸ್ ಕರೆತರ್ತೀವಿ ಅಂತ ಮಾತು ಕೊಟ್ಟಿದ್ದರು ಅನ್ನೋದು ಹೋದವರೆಲ್ಲರ ಸಾಕ್ಷ್ಯ. ಎಲ್ಲರೂ ಒಂದೇ ಕಡೆ ಇರ್ತೀವಿ ಅಂತಲೇ ಅವರು ನಂಬಿದ್ದರು. ಹಡಗು ಉತ್ತರ ಮುಟ್ಟಿದ ಮೇಲೆ ಗೊತ್ತಾಯಿತು, ಅವರನ್ನು ಬೇರೆ ಬೇರೆ ಕಡೆ ಇಳಿಸುತ್ತಾರೆ ಅಂತ. ಆಗ ಐದಾರು ವರ್ಷದ ಹುಡುಗನಾಗಿದ್ದ ಜಾನ್ ಅಮಗೊಆಲಿಕ್ ಮುಂದೆ ಅದನ್ನು ನೆನೆದು ಹೇಳಿದ್ದಾರೆ: ಹೆಂಗಸರೆಲ್ಲ ಅಳೋಕೆ ಶುರು ಮಾಡಿದರು, ಅವರು ಅಳುವುದನ್ನು ಕೇಳಿ ನಾಯಿಗಳೂ ಊಳಿಡತೊಡಗಿದವು.

ಕೆಲವರನ್ನು ಎಲ್ಸ್‌ಮೀರ್ ದ್ವೀಪದಲ್ಲಿ ಇಳಿಸಿದರು. ಮುಂದೆ ಅಲ್ಲಿ ಬೆಳೆದ ಊರು ಗ್ರೀಸ್ ಫಿಯರ್ಡ್. ಉಳಿದವರನ್ನು ಕಾರ್ನ್‌ವಾಲಿಸ್ ದ್ವೀಪದ ರೆಸಲ್ಯೂಟ್‌ಗೆ ಒಯ್ದರು. ಇನುಕ್ಜುವಾಕ್‌ನಿಂದ ಗ್ರೀಸ್ ಫಿಯರ್ಡ್ ಸುಮಾರು 2,000 ಕಿ.ಮೀ. ದೂರ, 76ನೇ ಅಕ್ಷಾಂಶ. ಅದು ಬೇರೆಯದೇ ಲೋಕ. ವರ್ಷವಿಡೀ ಬೀಳುವ ಮಳೆ-ಹಿಮ ಲೆಕ್ಕ ಹಾಕಿದರೆ ಅದೊಂದು ಮರುಭೂಮಿ. ನವೆಂಬರ್ ಶುರುವಿನಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರವರಿಯಲ್ಲಿ. ಆ ಮೂರು ತಿಂಗಳ ಕತ್ತಲಲ್ಲಿ, ಪರಿಚಯವೇ ಇಲ್ಲದ ಮಂಜುಗಡ್ಡೆಯ ಮೇಲೆ, ನಾಯಿ ಕಟ್ಟಿದ ಜಾರುಬಂಡಿಯಲ್ಲಿ ಬೇಟೆಗೆ ಹೋಗಬೇಕು. ಹಕ್ಕಿ ಇಲ್ಲ, ಬೆರ್ರಿ ಇಲ್ಲ, ತಾವು ಬಲ್ಲ ಮೀನಿಲ್ಲ. ಮಸ್ಕ್ ಆಕ್ಸ್ ಎಂಬ ಜಡೆಗೂದಲಿನ ದೊಡ್ಡ ಪ್ರಾಣಿ ಕಣ್ಣೆದುರೇ ಓಡಾಡುತ್ತಿದ್ದರೂ ಅದನ್ನು ಕೊಲ್ಲುವುದು 1917ರಿಂದಲೇ ಅಪರಾಧ. ಹಿಮಸಾರಂಗಕ್ಕೂ ಮಿತಿ. ಬೇಟೆ ಹೇರಳ ಅಂತ ಕರೆತಂದ ಜಾಗದಲ್ಲಿ ಬೇಟೆಗೇ ಕಡಿವಾಣ. ಮೊದಲ ಚಳಿಗಾಲವನ್ನು ಡೇರೆಗಳಲ್ಲಿ ಕಳೆದರು. ರೆಸಲ್ಯೂಟ್‌ನವರು ವಾಯುಪಡೆ ನೆಲೆಯ ಕಸದ ರಾಶಿಯಿಂದ ಹಲಗೆ ಆಯ್ದು ಮನೆ ಕಟ್ಟಿಕೊಂಡರು, ಊಟವನ್ನೂ ಆಯ್ದುಕೊಂಡರು. ಶಾಲೆ ಬರೋಕೆ ವರ್ಷಗಳೇ ಹಿಡಿದವು.

ಅವರು ಆ ಎರಡು ಜಾಗಗಳಿಗೆ ತಮ್ಮ ಇನುಕ್ಟಿಟುಟ್ ಭಾಷೆಯಲ್ಲಿ ಹೆಸರಿಟ್ಟುಕೊಂಡರು. ರೆಸಲ್ಯೂಟ್ ಎಂಬುದು ಕಳೆದುಹೋದ ಫ್ರಾಂಕ್ಲಿನ್‌ನನ್ನು ಹುಡುಕಿ ಹೋಗಿದ್ದ ಬ್ರಿಟಿಷ್ ಹಡಗಿನ ಹೆಸರು. ಅದೇ ಹಡಗಿನ ಮರದಿಂದ ಮಾಡಿದ ಮೇಜು ಅಮೆರಿಕದ ಅಧ್ಯಕ್ಷರ ಕಚೇರಿಯಲ್ಲಿರುವುದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಇನುಯಿಟ್ ಜನ ಆ ಊರನ್ನು ಕರೆದಿದ್ದು ಕೌಸುಯಿತ್ತುಕ್, ಬೆಳಗಾಗದ ಜಾಗ. ಗ್ರೀಸ್ ಫಿಯರ್ಡ್ ಎಂಬುದು ಸ್ವೆರ್ಡ್ರುಪ್ ಇಟ್ಟ ಹೆಸರು, ಹಂದಿ ಕೊಲ್ಲಿ ಅಂತ ಅರ್ಥ. ಇವರ ಪಾಲಿಗೆ ಅದು ಔಯುಯಿತ್ತುಕ್, ಎಂದೂ ಕರಗದ ಜಾಗ. ಎಸ್ಕಿಮೊಗೆ ಎಲ್ಲ ಹಿಮವೂ ಒಂದೇ ಅಂದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಾ?

1955ರಲ್ಲಿ ಇನ್ನಷ್ಟು ಕುಟುಂಬಗಳು ಬಂದವು. ಒಟ್ಟು ಸುಮಾರು 90 ಮಂದಿ. ಆ ವರ್ಷ ಬಂದವರಲ್ಲಿ ಜೋಸೆಫಿ ಫ್ಲಾಹರ್ಟಿ ಒಬ್ಬ. ಹೌದು, ಅದೇ ರಾಬರ್ಟ್ ಫ್ಲಾಹರ್ಟಿಯ ಮಗ. ಚಿತ್ರದಲ್ಲಿ ನಾನೂಕನ ಹೆಂಡತಿಯಾಗಿ ನಟಿಸಿದ್ದವಳೇ ಅವನ ತಾಯಿ. ಅಪ್ಪ ಸಿನಿಮಾ ಮುಗಿಸಿ ಹೊರಟುಹೋದವನು ಮಗನನ್ನು ಎಂದೂ ನೋಡಲಿಲ್ಲ. ಅಪ್ಪ ಜಗತ್ತಿಗೆ ಮಾರಿದ ಚಿತ್ರದಂತೆಯೇ ಬದುಕಿಕೊಳ್ತಾರೆ ಅಂತ ಕಳಿಸಿದವರ ಪೈಕಿ ಮಗನೂ ಸೇರಿಹೋದ. ಆಗ ಮಗುವಾಗಿದ್ದ ಅವನ ಮಗಳು ಮಾರ್ಥಾ ಮುಂದೆ ಇನುಯಿಟ್ ಮಹಿಳೆಯರ ರಾಷ್ಟ್ರೀಯ ಸಂಘಟನೆಯ ಅಧ್ಯಕ್ಷೆಯಾಗಿ, ಈ ಕಥೆಯನ್ನು ದೇಶದ ಮುಂದೆ ಹೇಳಿದರು.

ಜನ ಸಾಯದೆ ಉಳಿದರು. ಬೆಲೂಗಾ ತಿಮಿಂಗಿಲಗಳು ಬರುವ ದಾರಿ ಕಲಿತರು, ಹೊಸ ಮಂಜುಗಡ್ಡೆಯ ಗುಣ ಕಲಿತರು. ಎರಡು ವರ್ಷದ ಮಾತು ಮಾತ್ರ ಯಾರಿಗೂ ನೆನಪಿರಲಿಲ್ಲ. 1980ರ ದಶಕದ ಕೊನೆಗೆ ಸರ್ಕಾರ ವಾಪಸ್ ಹೋಗುವವರಿಗೆ ನೆರವು ಕೊಟ್ಟಾಗ ಕೆಲವು ಹಿರಿಯರು ಹೊರಟರು. ಅಷ್ಟರಲ್ಲಿ ಮಕ್ಕಳು-ಮೊಮ್ಮಕ್ಕಳಿಗೆ ಉತ್ತರವೇ ಊರಾಗಿತ್ತು. ಕುಟುಂಬಗಳು ಎರಡನೇ ಸಲ ಒಡೆದವು.

ಮೂಲನಿವಾಸಿಗಳ ಕುರಿತ ರಾಯಲ್ ಕಮಿಷನ್ 1994ರಲ್ಲಿ ಸ್ಥಳಾಂತರದ ಬಗ್ಗೆ ಕಟುವಾದ ವರದಿ ಕೊಟ್ಟು, ಕ್ಷಮೆ ಮತ್ತು ಪರಿಹಾರ ಎರಡೂ ಬೇಕು ಅಂದಿತು. 1996ರಲ್ಲಿ 1 ಕೋಟಿ ಡಾಲರ್‌ನ ನಿಧಿ ಬಂತು, ಕ್ಷಮೆ ಬರಲಿಲ್ಲ. ಅದು ಬಂದಿದ್ದು 2010ರ ಆಗಸ್ಟ್ 18ರಂದು, ಸಚಿವ ಜಾನ್ ಡಂಕನ್ ಇನುಕ್ಜುವಾಕ್‌ಗೆ ಹೋದಾಗ. ಕಳಿಸಿದ್ದು ಗಡಿ ಗುರುತಿಗೋ ಅಥವಾ ನಿಜಕ್ಕೂ ಬೇಟೆಗೋ ಅಂತ ಇತಿಹಾಸಕಾರರು ಇವತ್ತಿಗೂ ವಾದಿಸುತ್ತಾರೆ. ಸರ್ಕಾರದ ಕ್ಷಮಾಪಣೆ ಆ ಪ್ರಶ್ನೆಗೆ ಉತ್ತರಿಸಲಿಲ್ಲ. ಆದರೆ ಧ್ರುವ ಪ್ರದೇಶದಲ್ಲಿ ಕೆನಡಾದ ಇರುವಿಕೆಯನ್ನು ಈ ಊರುಗಳು ಗಟ್ಟಿ ಮಾಡಿವೆ ಅಂತ ಹೊಗಳಲು ಮರೆಯಲಿಲ್ಲ.

ಹಡಗಿನಲ್ಲಿ ನಾಯಿಗಳ ಊಳು ಕೇಳಿದ್ದ ಆ ಹುಡುಗ, ಜಾನ್ ಅಮಗೊಆಲಿಕ್, ಇನುಯಿಟ್ ಜನ ಬಹುಸಂಖ್ಯೆಯಲ್ಲಿರುವ ಪ್ರದೇಶಕ್ಕೆ ಅವರದೇ ಆಡಳಿತ ಬೇಕು ಅಂತ ದಶಕಗಳ ಕಾಲ ಹೋರಾಡಿದರು. 1999ರ ಏಪ್ರಿಲ್ 1ರಂದು ನುನಾವುಟ್ ಹುಟ್ಟಿತು. ಅದರ ಅರ್ಥ 'ನಮ್ಮ ನೆಲ'. ಅವರನ್ನು ನುನಾವುಟ್‌ನ ಪಿತಾಮಹ ಅಂತಾರೆ.

2010ರಲ್ಲೇ ಎರಡೂ ಊರುಗಳಲ್ಲಿ ಒಂದೊಂದು ಕಲ್ಲಿನ ಸ್ಮಾರಕ ನಿಂತಿತು. ಗ್ರೀಸ್ ಫಿಯರ್ಡ್‌ನಲ್ಲಿ ಒಬ್ಬ ಹೆಂಗಸು, ಒಬ್ಬ ಹುಡುಗ, ಒಂದು ನಾಯಿ. ಆಕೆ ನೋಡುತ್ತಿರುವುದು ರೆಸಲ್ಯೂಟ್ ಕಡೆಗೆ. ರೆಸಲ್ಯೂಟ್‌ನಲ್ಲಿ ಒಬ್ಬನೇ ಗಂಡಸು. ಇಬ್ಬರ ನಡುವೆ 350 ಕಿ.ಮೀ.ಗೂ ಹೆಚ್ಚು ದೂರ.