ಹಳೆಯ ಕಾರು: ಕೆಟ್ಟದ್ದು ಬ್ಯಾಟರಿಯೋ, ಕೇಬಲ್ಲೋ?

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಸಂಶಿ, ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿರುವ ಎರೆಮಣ್ಣಿನ ಊರು. ಇಂತಹ ಊರುಗಳಲ್ಲಿ ಹಳೆಯ ಕಾರು ಬರೀ ಓಡಾಟದ ಅನುಕೂಲವಲ್ಲ. ನಡುರಾತ್ರಿ ಹೆರಿಗೆ ನೋವೋ ಎದೆನೋವೋ ಕಾಣಿಸಿಕೊಂಡಾಗ ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಲು ಓಣಿಯವರೂ ಅದನ್ನೇ ನೆಚ್ಚಬೇಕಾಗುತ್ತದೆ. ಆ ಹೊತ್ತಿನಲ್ಲಿ ಚಾವಿ ತಿರುವಿದರೆ ‘ಟಕ್’ ಎಂಬ ಸದ್ದಷ್ಟೇ ಕೇಳಿ ಎಂಜಿನ್ ಸುಮ್ಮನಿದ್ದರೆ? ಹೊಸ ಬ್ಯಾಟರಿ ತರುವುದು ಎಲ್ಲರಿಗೂ ಮೊದಲು ತೋಚುವ ಪರಿಹಾರ. ಆದರೆ ಎಷ್ಟೋ ಸಲ ದೋಷವಿರುವುದು ಬ್ಯಾಟರಿಗಿಂತ ಬಹಳ ಅಗ್ಗವಾದ ಕೇಬಲ್ಲಿನಲ್ಲಿ.

ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತುಹೋಗಿದೆ. ಈಗಲೂ ಓಡುತ್ತಿರುವ ಇಂತಹ ಕಾರುಗಳಲ್ಲಿ ಬ್ಯಾಟರಿ ಹಲವು ಬಾರಿ ಬದಲಾಗಿರುತ್ತದೆ. ಕೇಬಲ್ ಮಾತ್ರ ಕಾರಿನಷ್ಟೇ ಹಳೆಯದಾಗಿ ಉಳಿದಿರಬಹುದು.

ತುಕ್ಕು ಹಿಡಿಯುವ ಬಗೆ

ಬ್ಯಾಟರಿ ಚಾರ್ಜ್ ಆಗುವಾಗ ಹೊಮ್ಮುವ ಅನಿಲದ ಜೊತೆ ಗಂಧಕಾಮ್ಲದ ಸೂಕ್ಷ್ಮ ಹನಿಗಳೂ ಹೊರಬರುತ್ತವೆ. ಟರ್ಮಿನಲ್ ಸುತ್ತ ಕಟ್ಟುವ ಬಿಳಿ ಹುಡಿ ಸಾಮಾನ್ಯವಾಗಿ ಸೀಸದ ಸಲ್ಫೇಟ್. ನೀಲಿ ಅಥವಾ ಹಸಿರು ಹುಡಿ ಕಂಡರೆ ಅದು ತಾಮ್ರದ ಸಲ್ಫೇಟ್, ಅಂದರೆ ರೈತರಿಗೆ ಪರಿಚಿತವಾದ ಮೈಲುತುತ್ತ. ಕೇಬಲ್ಲಿನ ತಾಮ್ರವೇ ಸವೆಯುತ್ತಿದೆ ಎಂಬುದಕ್ಕೆ ಅದು ಕುರುಹು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ತಂತಿಯ ಎಳೆಗಳು ಆಮ್ಲವನ್ನು ಒಳಗೆಳೆಯುತ್ತವೆ. ಹೊರಗಿನ ರಬ್ಬರ್ ಹೊದಿಕೆ ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗಿನ ತಾಮ್ರ ಕಪ್ಪಾಗಿ ಪುಡಿಯಾಗಿರಬಹುದು. ಟರ್ಮಿನಲ್ ಬಳಿ ಕೇಬಲ್ ಉಬ್ಬಿದ್ದರೆ, ಬಾಗಿಸಿದಾಗ ಗಡುಸಾಗಿದ್ದು ಕರಕರ ಎಂದರೆ, ತೊಳೆದು ಪ್ರಯೋಜನವಿಲ್ಲ, ಬದಲಾಯಿಸಲೇಬೇಕು.

ದೀಪ ಉರಿದರೂ ಎಂಜಿನ್ ಏಕೆ ತಿರುಗದು?

ಕಾರಿನ ಎರಡು ಹೆಡ್‌ಲೈಟ್‌ಗಳಿಗೆ ಬೇಕಾಗುವುದು ಸುಮಾರು 10 ಆಂಪಿಯರ್ ವಿದ್ಯುತ್. ಸ್ಟಾರ್ಟರ್ ಮೋಟಾರಿಗೆ ಸಣ್ಣ ಕಾರಿನಲ್ಲಿಯೂ 100ರಿಂದ 150 ಆಂಪಿಯರ್ ಬೇಕಾಗಬಹುದು. ತುಕ್ಕಿನಿಂದ ದಾರಿಯಲ್ಲಿ ಕೇವಲ 0.02 ಓಮ್ ರೋಧ ಸೇರಿಕೊಂಡಿತೆನ್ನಿ. 10 ಆಂಪಿಯರ್ ಹರಿದಾಗ ನಷ್ಟವಾಗುವುದು 0.2 ವೋಲ್ಟ್, ದೀಪದಲ್ಲಿ ವ್ಯತ್ಯಾಸವೇ ತಿಳಿಯದು. 150 ಆಂಪಿಯರ್ ಹರಿಯಬೇಕಾದಾಗ ನಷ್ಟ 3 ವೋಲ್ಟ್! ಆಗ ಆ ಒಂದೇ ಜಾಗದಲ್ಲಿ 450 ವ್ಯಾಟ್ ಶಾಖ ಹುಟ್ಟುತ್ತದೆ. ಟರ್ಮಿನಲ್ ಕೈಸುಡುವಷ್ಟು ಬಿಸಿಯಾಗುವುದು ಇದರಿಂದಲೇ.

ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ. ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಅದರಲ್ಲಿ ಚಾರ್ಜ್ ಇದೆಯೆಂದರ್ಥ. ಬಳಿಕ ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ಕಂಬಕ್ಕೂ ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಕೇಬಲ್ ಸೇರುವ ಬೋಲ್ಟಿಗೂ ತಾಗಿಸಿ ಹಿಡಿದು, ಮತ್ತೊಬ್ಬರಿಂದ ಚಾವಿ ತಿರುಗಿಸಬೇಕು. ಆ ಕ್ಷಣದಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕೇಬಲ್ ಅಥವಾ ಅದರ ಜೋಡಣೆಯಲ್ಲಿ ದೋಷವಿದೆ. ಇದೇ ರೀತಿ ಋಣ ಕಂಬ ಮತ್ತು ಎಂಜಿನ್ ಮೈ ನಡುವೆಯೂ ಅಳೆಯಬೇಕು. ಕೈ, ಬಟ್ಟೆಗಳು ಫ್ಯಾನ್ ಮತ್ತು ಬೆಲ್ಟಿನಿಂದ ದೂರವಿರಲಿ.

ಕೇಬಲ್ ಕೊಳ್ಳುವಾಗ

ಹಳೆಯ ಕೇಬಲ್ಲಿನ ಉದ್ದವನ್ನೇ ಅಳೆದು, ಅಷ್ಟೇ ಅಥವಾ ತುಸು ಹೆಚ್ಚು ದಪ್ಪದ ತಾಮ್ರದ ಕೇಬಲ್ ಆರಿಸಬೇಕು. ರಬ್ಬರಿನ ದಪ್ಪ ನೋಡಿ ಮೋಸಹೋಗಬಾರದು. ಒಳಗಿನ ತಾಮ್ರ ಎಷ್ಟಿದೆಯೆಂಬುದೇ ಮುಖ್ಯ. ತುದಿಯ ಟರ್ಮಿನಲ್ಲನ್ನು ಯಂತ್ರದಿಂದ ಬಿಗಿಯಾಗಿ ಒತ್ತಿ ಕೂಡಿಸಿರಬೇಕು. ಹಳೆಯ ತಂತಿಯನ್ನು ಕತ್ತರಿಸಿ ಬೋಲ್ಟ್ ಹಾಕುವ ಕ್ಲಾಂಪ್ ಸಿಕ್ಕಿಸುವುದು ಊರು ಮುಟ್ಟುವ ತನಕದ ಉಪಾಯವಷ್ಟೇ.

ಬದಲಾಯಿಸುವ ಕ್ರಮ

ಎಂಜಿನ್ ಆರಿಸಿ, ಚಾವಿ ತೆಗೆದಿಡಬೇಕು. ಕೈಯ ಉಂಗುರ, ಕಡಗ ಕಳಚಿ, ಕನ್ನಡಕ ಹಾಗೂ ಕೈಗವಸು ಧರಿಸಬೇಕು. ಬ್ಯಾಟರಿಯ ಬಳಿ ಜಲಜನಕ ಅನಿಲವಿರುವುದರಿಂದ ಬೀಡಿ, ಬೆಂಕಿಕಡ್ಡಿ ಸುಳಿಯಬಾರದು.

ಪಾನಾದಿಂದ ಮೊದಲು ಋಣ ಟರ್ಮಿನಲ್ ಬಿಚ್ಚಬೇಕು. ಮೊದಲೇ ಧನ ಟರ್ಮಿನಲ್ಲಿಗೆ ಕೈ ಹಾಕಿದರೆ, ಪಾನಾ ಕಾರಿನ ಮೈಗೆ ತಾಗಿ ದೊಡ್ಡ ಕಿಡಿ ಹಾರುವ ಅಪಾಯವಿದೆ. ಆನಂತರ ಧನ ಟರ್ಮಿನಲ್ ಬಿಚ್ಚಿ, ನೀರಿನಲ್ಲಿ ಕಲಸಿದ ಅಡುಗೆ ಸೋಡಾದಿಂದ ಬ್ಯಾಟರಿ ಕಂಬಗಳನ್ನು ಉಜ್ಜಿ, ನೀರಿನಿಂದ ತೊಳೆದು ಒರೆಸಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಕೂಡದು.

ಹೊಸ ಧನ ಕೇಬಲ್ಲನ್ನು ಹಳೆಯದು ಹೋಗಿದ್ದ ದಾರಿಯಲ್ಲೇ ಒಯ್ಯಬೇಕು. ಇಂತಹ ಕಾರುಗಳಲ್ಲಿ ಸ್ಟಾರ್ಟರಿಗೆ ಹೋಗುವ ಈ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅದು ಹೊಗೆ ಕೊಳವೆಗೋ ಚೂಪಾದ ತಗಡಿಗೋ ಉಜ್ಜಿ ಹೊದಿಕೆ ಹರಿದರೆ ಕಾರಿಗೇ ಬೆಂಕಿ ಹತ್ತಬಹುದು.

ಋಣ ಕೇಬಲ್ ಮೈಗೆ ಸೇರುವ ಜಾಗವನ್ನು ಹಲವರು ಮರೆಯುತ್ತಾರೆ. ಮಳೆಗಾಲದಲ್ಲಿ ಮೆತ್ತಿಕೊಳ್ಳುವ ಎರೆಮಣ್ಣು ಅಲ್ಲಿ ತೇವವನ್ನು ಹಿಡಿದಿಟ್ಟು ತುಕ್ಕು ತರಿಸುತ್ತದೆ. ಲೋಹ ಹೊಳೆಯುವವರೆಗೆ ಉಜ್ಜಿ ಬೋಲ್ಟ್ ಬಿಗಿಯಬೇಕು. ಬ್ಯಾಟರಿಗೆ ಜೋಡಿಸುವಾಗ ಧನ ಮೊದಲು, ಋಣ ಕೊನೆಗೆ. ಬಿಗಿದ ಬಳಿಕ ವ್ಯಾಸಲಿನ್ ಸವರಿದರೆ ಗಾಳಿ ಹಾಗೂ ಆಮ್ಲದಿಂದ ರಕ್ಷಣೆ ದೊರೆಯುತ್ತದೆ.

ಎಂಜಿನ್ ಚಾಲೂ ಆದ ಮೇಲೆ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಕಂಡರೆ ಚಾರ್ಜಿಂಗ್ ಸರಿಯಿದೆ. ಅದಕ್ಕಿಂತ ತೀರಾ ಹೆಚ್ಚಿದ್ದರೆ ಬ್ಯಾಟರಿ ಕುದಿದು ಆಮ್ಲ ಹೊರಸೂಸುತ್ತದೆ. ಹೊಸ ಕೇಬಲ್ಲಿಗೂ ಹಳೆಯದರ ಗತಿಯೇ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ ಬಾನೆಟ್ ಎತ್ತಿ ಎರಡೂ ತುದಿಗಳನ್ನು ನೋಡುವ ರೂಢಿಯಿದ್ದರೆ, ಅವಸರದ ರಾತ್ರಿಯಲ್ಲಿ ಕಾರು ಕೈಕೊಡುವ ಭಯ ಅಷ್ಟರಮಟ್ಟಿಗೆ ಕಡಿಮೆ.