ಹಗೇವು: ಮಂಡ್ಯ ಸೀಮೆಯ ಧಾನ್ಯಸಂಗ್ರಹವಿಚಾರ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಹಳೆಯ ಗ್ರಾಮಗಳಲ್ಲಿ ಧಾನ್ಯಸಂಗ್ರಹಕ್ಕೆ ಎರಡು ಬಗೆಯ ಆಶ್ರಯಗಳಿದ್ದುವು. ಮನೆಯೊಳಗಿನ ಕಣಜ, ವಾಡೆ, ತೊಂಬೆ, ಗುಡಾಣಗಳು ಮೊದಲನೆಯವು. ನೆಲದೊಳಗೆ ತೋಡಿದ ಹಗೇವು ಎರಡನೆಯದು. ಮೊದಲನೆಯವು ವರ್ಷದ ಊಟಕ್ಕೆ. ಎರಡನೆಯದು ಮಳೆ ಹೋದ ವರ್ಷಕ್ಕೆ. ಈ ಭೇದವನ್ನು ಗಮನಿಸದೆ ಹಗೇವನ್ನು ಕೇವಲ ಗ್ರಾಮ್ಯಸಾಧನವೆಂದೆಣಿಸಿದರೆ ಅದರ ಚಾರಿತ್ರಿಕ ಮಹತ್ತ್ವವು ತಿಳಿಯದು.

ಸಂಗ್ರಹದ ವಿಷಯದಲ್ಲಿ ಶಾಸ್ತ್ರಗಳ ದೃಷ್ಟಿ ಒಂದೇ ಆಗಿಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಕುಸೂಲ ತುಂಬ ಧಾನ್ಯವುಳ್ಳವನು, ಕುಂಭಿಯಷ್ಟುಳ್ಳವನು, ಮೂರು ದಿನಕ್ಕಾಗುವಷ್ಟುಳ್ಳವನು, ನಾಳೆಗೆಂದು ಏನನ್ನೂ ಇಡದವನು ಎಂದು ಗೃಹಸ್ಥವಿಪ್ರರನ್ನು ವಿಭಜಿಸಿ, ಕಡಮೆಯಿಟ್ಟವನನ್ನೇ ಮೇಲೆಂದು ಹೇಳುತ್ತದೆ. ಅರ್ಥಶಾಸ್ತ್ರದ ಮಾರ್ಗವಾದರೋ ಬೇರೆ. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥವು, ಕೂಡಿಟ್ಟುದರಲ್ಲಿ ಅರ್ಧವನ್ನು ಜಾನಪದರ ಆಪತ್ತಿಗೆಂದು ಮೀಸಲಿಡಬೇಕೆಂದೂ, ಹಳತನ್ನು ಹೊಸತರಿಂದ ಬದಲಿಸುತ್ತಿರಬೇಕೆಂದೂ ಕೋಷ್ಠಾಗಾರಾಧ್ಯಕ್ಷನಿಗೆ ವಿಧಿಸುತ್ತದೆ. ಅರಸನಿಗೆ ಹೇಳಿದ ಈ ನೀತಿಯನ್ನು ಈ ಸೀಮೆಯ ಒಕ್ಕಲಿಗನು ತನ್ನ ಹಿತ್ತಿಲಲ್ಲಿಯೇ ನಡೆಸಿಕೊಂಡು ಬಂದನು.

ಹಗೇವಿನ ರಚನೆ ಸರಳವಾದುದು. ನೀರು ನಿಲ್ಲದ ಗಟ್ಟಿನೆಲದಲ್ಲಿ ಒಬ್ಬನು ಇಳಿಯುವಷ್ಟು ಕಿರಿದಾದ ಬಾಯನ್ನು ತೋಡಿ, ಕೆಳಗೆ ಒಡಲನ್ನು ಅಗಲಿಸುವರು. ಒಳಗೋಡೆಗೆ ಹುಲ್ಲನ್ನು ಹೊಂದಿಸಿ, ಚೆನ್ನಾಗಿ ಒಣಗಿದ ರಾಗಿಯನ್ನು ಸುರಿದು, ಮೇಲೆ ಹುಲ್ಲು ಹರಡಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣಿನಿಂದ ಮೆತ್ತುವರು. ಮುಚ್ಚಿದ ಧಾನ್ಯವು ತಾನೇ ಉಸಿರಾಡಿ ಒಳಗಣ ಪ್ರಾಣವಾಯುವನ್ನು ಕಳೆಯುವುದರಿಂದ ಹುಳುವಿಗೆ ಬದುಕಿಲ್ಲ. ರಾಗಿಯ ಕಾಳು ಸಣ್ಣದಾಗಿ ಒತ್ತಾಗಿ ಕೂರುವುದೂ ಇದಕ್ಕೆ ಸಹಾಯಕ. ಆದರೆ ಹುಳುವನ್ನು ಕೊಲ್ಲುವ ಗಾಳಿಯು ಮನುಷ್ಯನನ್ನೂ ಬಿಡದು. ಬಾಯಿ ತೆರೆದೊಡನೆ ಇಳಿದವನಿಗೆ ಪ್ರಾಣಾಪಾಯ. ಆದಕಾರಣ ಗಾಳಿಯಾಡಲು ಬಿಟ್ಟು, ಒಳಗೆ ದೀಪವನ್ನಿಳಿಸಿ ಅದು ಉರಿಯುವುದನ್ನು ಕಂಡ ಮೇಲೆಯೇ ಇಳಿಯುವ ಕ್ರಮವಿತ್ತು.

ಎಲ್ಲ ಪದಾರ್ಥಕ್ಕೂ ಹಗೇವು ಸಲ್ಲದು. ತೊಗರಿ ಅವರೆಗಳನ್ನು ಕೆಮ್ಮಣ್ಣು ಕಟ್ಟಿ ಒಣಗಿಸಿ ಗುಡಾಣಕ್ಕೆ ತುಂಬುವರು. ಸುವರ್ಣಗೆಡ್ಡೆಯಂತಹ ಗೆಡ್ಡೆಗಳಲ್ಲಿ ನೀರಿನಂಶ ಹೆಚ್ಚಾದುದರಿಂದ ಅವುಗಳಿಗೆ ಗಾಳಿಯಾಡುವ ಒಣಸ್ಥಳವೇ ಬೇಕು; ಮುಚ್ಚಿಟ್ಟರೆ ಕೊಳೆಯುವುವು.

ಈ ಪದ್ಧತಿಗೆ ಲಿಖಿತಸಾಕ್ಷ್ಯವೂ ಉಂಟು. ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ವೈದ್ಯ ಫ್ರಾನ್ಸಿಸ್ ಬುಕನನ್ನನು ನೆಲದೊಳಗಿನ ಈ ಕುಣಿಗಳನ್ನು ಅವುಗಳ ಕನ್ನಡ ಹೆಸರಿನಿಂದಲೇ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಅದಕ್ಕೂ ಹಿಂದೆ, 1791ರ ಮೇ ತಿಂಗಳಲ್ಲಿ, ಪಟ್ಟಣದ ಸಮೀಪದವರೆಗೆ ಬಂದ ಕಾರ್ನ್‌ವಾಲಿಸನು ಅರಕೆರೆಯ ಬಳಿ ಗೆದ್ದರೂ ಮೇವು ಧಾನ್ಯಗಳಿಲ್ಲದೆ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂತಿರುಗಬೇಕಾಯಿತು. ಟಿಪ್ಪುವು ಸುತ್ತಣ ಸೀಮೆಯನ್ನು ಮೊದಲೇ ಬರಿದು ಮಾಡಿಸಿದ್ದನು. ಅಂತಹ ಕಾಲದಲ್ಲಿ ರೈತನಿಗೆ ನೆಲದ ಮೇಲಿನ ಕಣಜಕ್ಕಿಂತ ಕಣ್ಣಿಗೆ ಕಾಣದ ಹಗೇವು ಎಷ್ಟು ಆಪ್ತವಾದುದೆಂಬುದು ಊಹ್ಯ.

ಆದರೆ ಹಗೇವಿಗೂ ಒಂದು ಮಿತಿಯಿತ್ತು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ಅದು ಪ್ರಕಟವಾಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಒಂದು ವರ್ಷದ ಕೊರತೆಯನ್ನು ತಡೆಯುವ ಕುಣಿಯು ಮೇಲಿಂದ ಮೇಲೆ ಬಂದ ಅನಾವೃಷ್ಟಿಯನ್ನು ತಡೆಯಲಾರದು. ಇದಲ್ಲದೆ, ಮಿಗುವಷ್ಟು ಬೆಳೆದವನಿಗೆ ಮಾತ್ರ ಹಗೇವು. ಕೂಲಿಯವನಿಗೆ ತುಂಬಲು ರಾಗಿಯೆಲ್ಲಿ? ಮನುವಿನ ಅಶ್ವಸ್ತನಿಕನು ವ್ರತದಿಂದ ನಾಳೆಗೆ ಇಡದವನು. ಈತನು ಇಲ್ಲದ್ದರಿಂದ ಇಡದವನು.

ಅದೇ ಕ್ಷಾಮದ ಪರಿಹಾರಕಾರ್ಯವಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲುಮಾರ್ಗವು 1882ರಲ್ಲಿ ಪೂರ್ಣವಾಗಿ, ಪಾಂಡವಪುರ ಶ್ರೀರಂಗಪಟ್ಟಣಗಳ ಮೂಲಕ ಓಡಿತು. ಧಾನ್ಯವು ಹೊರಗಿನಿಂದ ಬರುವುದೂ ಹೊರಕ್ಕೆ ಹೋಗುವುದೂ ಸುಲಭವಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯಿಂದ ನಾಲೆಗಳು ಹರಿದು, ರಾಗಿಯ ಹೊಲಗಳು ಭತ್ತ ಕಬ್ಬುಗಳ ಗದ್ದೆಗಳಾದುವು; ತೇವವೇರಿದ ನೆಲದಲ್ಲಿ ಹಗೇವು ನಿಲ್ಲದು. ಮಳೆಯನ್ನೇ ನಂಬಿದ ನಾಗಮಂಗಲದ ಕಡೆಯಲ್ಲಿ ಆ ಕಾರಣವು ಅಷ್ಟಾಗಿ ಅನ್ವಯಿಸದು.

ಇಂದು ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಳನ್ನು ಮುಚ್ಚಿಡುವ ವಿಧಾನವು ಹೊಸತೆಂದು ಪ್ರಸಿದ್ಧವಾಗಿದೆ. ಅದರ ತತ್ತ್ವವು ಹಗೇವಿನದೇ. ಆಪತ್ತಿನ ಧಾನ್ಯವನ್ನು ಕಾಯುವ ಹೊಣೆಯೂ ಸರ್ಕಾರದ ಉಗ್ರಾಣಗಳಿಗೆ ಸೇರಿದೆ. ಹಗೇವಿಲ್ಲದವನಿಗೂ ಪಡಿತರದ ಪಾಲು ದೊರೆಯುವುದು ನಿಸ್ಸಂಶಯವಾಗಿ ಏಳಿಗೆಯೇ ಸರಿ. ಆದರೆ ನಾಳಿನ ಅನ್ನವನ್ನು ಇಂದೇ ಎಣಿಸಿ ಎತ್ತಿಡುತ್ತಿದ್ದ ಲೆಕ್ಕವು ಮನೆಯಿಂದ ಹೊರಕ್ಕೆ ಹೋಯಿತು. ಮಿಕ್ಕ ಹಗೇವುಗಳ ಸ್ಥಾನ, ಅಳತೆ, ಹೆಸರುಗಳನ್ನು ಊರೂರಿನ ಹಿರಿಯರಿಂದ ಕೇಳಿ ಬರೆದಿಡುವುದು ಶಾಸನಗಳ ಅಚ್ಚು ತೆಗೆಯುವುದಕ್ಕಿಂತ ಕಡಮೆಯ ಕಾರ್ಯವಲ್ಲ. ಮುಚ್ಚಿಹೋದ ಕುಣಿಯು ತನ್ನ ಕಥೆಯನ್ನು ತಾನೇ ಹೇಳಲಾರದು.