ಲೈಡನ್ನಿನ ಮೊಳೆ, ಮಂಗಳೂರಿನ ಕಲ್ಲು

ದುಬೈ, ಅಬುಧಾಬಿಯ ರಸ್ತೆ ಫಲಕಗಳನ್ನು ನೋಡಿ ಅರಬ್ಬಿ ಕಲಿಯಹೊರಟ ಕನ್ನಡಿಗರನ್ನು ಮೊದಲು ಕಾಡುವುದು ಅಕ್ಷರಗಳ ವೇಷಾಂತರ. ‘ಅಬುಧಾಬಿ’ ಎಂಬ ಹೆಸರಿನಲ್ಲೇ ‘ಬಾ’ ಎರಡು ಸಲ ಬರುತ್ತದೆ: ಮೊದಲನೆಯದು ಮುಂದಿನ ಅಕ್ಷರವನ್ನಷ್ಟೇ ಹಿಡಿದಿರುತ್ತದೆ, ಎರಡನೆಯದು ಎರಡೂ ಬದಿಗೆ ಕೈಚಾಚಿರುತ್ತದೆ. ಬರೆಯುವ ಕೈಗೆ ಇದೊಂದು ಲೆಕ್ಕವೇ ಅಲ್ಲ. ಅಚ್ಚುಮೊಳೆ ಎರಕ ಹೊಯ್ಯುವವನಿಗೆ ಮಾತ್ರ ರೂಪಕ್ಕೊಂದು ಮೊಳೆ ಬೇಕು. ಒತ್ತಕ್ಷರಗಳ ಕನ್ನಡದಲ್ಲೂ ಇದೇ ಪಾಡು. ಈ ತೊಡಕನ್ನು ಇಬ್ಬರು ಪಾದ್ರಿಗಳು ದಾಟಿದ ಬಗೆ ಬೇರೆ ಬೇರೆ.

ವಿಲಿಯಂ ಲಾಡ್ 1630ರಲ್ಲಿ ಆಕ್ಸ್‌ಫರ್ಡಿನ ಕುಲಪತಿ, 1633ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಪೂರ್ವದೇಶಗಳಿಗೆ ಹೋಗುವ ಪ್ರತಿ ಹಡಗೂ ಮರಳುವಾಗ ಒಂದು ಅರಬ್ಬಿ ಅಥವಾ ಪಾರ್ಸಿ ಹಸ್ತಪ್ರತಿ ತರಬೇಕೆಂದು 1634ರಲ್ಲಿ ಲೆವಂಟ್ ಕಂಪನಿಗೆ ರಾಜಾಜ್ಞೆ ಹೋದದ್ದರ ಹಿಂದೆ ಇದ್ದವನು ಇವನೇ. 1636ರಲ್ಲಿ ಅರಬ್ಬಿ ಪೀಠ ಸ್ಥಾಪಿಸಿ, ಅಲೆಪ್ಪೊದಲ್ಲಿ ಪಾದ್ರಿಯಾಗಿದ್ದ ಎಡ್ವರ್ಡ್ ಪೊಕಾಕ್‌ನನ್ನು ಕೂರಿಸಿದ. ಬೋಡ್ಲಿಯನ್ ಗ್ರಂಥಾಲಯಕ್ಕೆ ಲಾಡ್ ಕೊಟ್ಟ ಹಸ್ತಪ್ರತಿಗಳು ಸುಮಾರು 1,300. ವಿಶ್ವವಿದ್ಯಾಲಯಕ್ಕೆ ಅರಬ್ಬಿ ಅಚ್ಚುಗಳು ಲೈಡನ್ನಿನಿಂದ ಬಂದದ್ದು 1637ರಲ್ಲಿ. ಅದೇ ವರ್ಷ ಸ್ಟಾರ್ ಚೇಂಬರ್ ನ್ಯಾಯಾಲಯ ಮುದ್ರಣಾಲಯಗಳ ಯಜಮಾನರ ಸಂಖ್ಯೆಯನ್ನು 20ಕ್ಕೆ ಇಳಿಸಿತು. ಚರ್ಚಿನ ವಿರುದ್ಧ ಬರೆದ ಮೂವರ ಕಿವಿ ಕತ್ತರಿಸಿತು. ಆ ಪೀಠದಲ್ಲೂ ಲಾಡ್ ಕೂತಿದ್ದ. ಅವನನ್ನು ಬರೀ ವಿದ್ಯಾಪೋಷಕನೆಂದು ಹೊಗಳುವವರು ಈ ಪುಟವನ್ನು ಮಗುಚಿ ಮುಂದೆ ಹೋಗುತ್ತಾರೆ. 1645ರ ಜನವರಿ 10ರಂದು ಅವನ ತಲೆ ಉರುಳಿತು. ಅರಬ್ಬರ ಇತಿಹಾಸ ಕುರಿತ ಪೊಕಾಕ್‌ನ ಗ್ರಂಥ ಆಕ್ಸ್‌ಫರ್ಡಿನಲ್ಲಿ ಹೊರಬರುವಾಗ 1650.

1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ ಹಿಂದೆ ರಾಜನೂ ಇರಲಿಲ್ಲ, ಹತ್ತಿರದಲ್ಲಿ ವಿಶ್ವವಿದ್ಯಾಲಯವೂ ಇರಲಿಲ್ಲ. ಬಾಸೆಲ್ ಮಿಷನ್ ಅಲ್ಲಿ 1841ರಲ್ಲಿ ತೆರೆದದ್ದು ಕಲ್ಲಚ್ಚಿನ ಮುದ್ರಣಾಲಯ. ಜಿಡ್ಡಿನ ಶಾಯಿಯಲ್ಲಿ ಬರೆದದ್ದು ಕಲ್ಲಿಗಿಳಿಯುತ್ತದೆ; ಕಲ್ಲಿಗೆ ನೀರು ಸವರಿ ಮಸಿ ಉರುಳಿಸಿದರೆ ಮಸಿ ಅಕ್ಷರಕ್ಕಷ್ಟೇ ಹತ್ತುತ್ತದೆ. ಹೀಗಾಗಿ ಒತ್ತಕ್ಷರ ಎಷ್ಟಿದ್ದರೇನು, ಲಿಪಿಕಾರನ ಕೈ ತಿರುಗಿದಂತೆ ಅಚ್ಚು. 1843ರ ಜುಲೈ 1ರ ‘ಮಂಗಳೂರ ಸಮಾಚಾರ’ ಮೂಡಿದ್ದು ಹೀಗೆ. ಪತ್ರಿಕೆಗೆ ಮೊಳೆಯಚ್ಚೇ ಬೇಕೆನಿಸಿದಾಗ ಮರುವರ್ಷ ಅದು ಬಳ್ಳಾರಿಗೆ ಹೋಗಬೇಕಾಯಿತು. ಆದರೆ 1848ರಿಂದ ಬಂದ ‘ಬಿಬ್ಲಿಯೋಥೆಕಾ ಕರ್ನಾಟಕಾ’ ಮಾಲೆಗೆ ಕಲ್ಲೇ ಸಾಕಾಯಿತು: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು. ಖರ್ಚು ಹೊತ್ತವರು ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ. ಮತಪ್ರಚಾರಕ್ಕೆ ಬಂದವನೊಬ್ಬ ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದ್ದು ಇಂದಿಗೂ ಸೋಜಿಗವೇ.

ಆಕ್ಸ್‌ಫರ್ಡಿನಲ್ಲಿ ವಿದ್ಯಾಪೀಠ ಮೊದಲು, ಮೊಳೆ ಆಮೇಲೆ. ಮಂಗಳೂರಿನಲ್ಲಿ ಪುಸ್ತಕವೇ ಮುಂದೆ ನಡೆಯಿತು. ಮೋಗ್ಲಿಂಗನಿಗೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ. 1894ರಲ್ಲಿ ಅದೇ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ನಿಘಂಟು ತಂದ ಕಿಟ್ಟೆಲ್‌ಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದೂ ಟ್ಯೂಬಿಂಗನ್ನೇ. ಮೈಸೂರು ವಿಶ್ವವಿದ್ಯಾಲಯ ಹುಟ್ಟಲು ಆಗಿನ್ನೂ 20 ವರ್ಷವಿತ್ತು.